ಒಡೆಯದ ನಿಂಬೆಹಣ್ಣು

ದೃಷ್ಟಿ ತೆಗೆಯುವುದು, ನಿಂಬೆಹಣ್ಣು ನಿವಾಳಿಸುವುದು, ಹಲ್ಲಿ ಲೊಚಗುಟ್ಟಿದರೆ ನೆಲ ಕುಟ್ಟುವುದು, ಇವುಗಳಲ್ಲಿ ನನಗೆ ಎಂದೂ ನಂಬಿಕೆ ಇರಲಿಲ್ಲ. ನಮ್ಮತ್ತೆ ಬದುಕಿದ್ದಷ್ಟು ಕಾಲ ಇದೇ ಕಾರಣಕ್ಕೆ ನನ್ನನ್ನು ಬೈದರು. ನಾನು ಓದಿದ್ದು ಮೂರನೇ ಕ್ಲಾಸಿನವರೆಗೆ. ಕಾಗದ ಬರೆಯುವುದು ಬಿಟ್ಟರೆ ಬೇರೇನೂ ಬರೆದವಳಲ್ಲ. ಇವತ್ತು ಕೂತಿದ್ದೇನೆಂದರೆ ಅದಕ್ಕೆ ನನ್ನ ಮೊಮ್ಮಗಳು ಕಲಾ ಕಾರಣ. ಅವಳು ಮೊನ್ನೆ ಎಸ್‌ಎಸ್‌ಎಲ್‌ಸಿ ಪಾಸಾದಳು! ನಮ್ಮ ಮನೆಯ ಹೆಣ್ಣುಮಕ್ಕಳಲ್ಲಿ ಅವಳೇ ಮೊದಲು. ಬೀದಿಗೆಲ್ಲ ಸಕ್ಕರೆ ಹಂಚಿದೆ. ಹಾಲಿನವನು "ಆಗಲೇ ಕೊಟ್ರಲ್ಲಮ್ಮ" ಅಂದರೂ ಬಿಡದೆ ಇನ್ನೊಂದು ಹಿಡಿ ಕೊಟ್ಟೆ. ಸಂತೋಷಕ್ಕೆ ರಾತ್ರಿ ನಿದ್ದೆಯೇ ಹತ್ತಲಿಲ್ಲ.

ಆದರೆ ಅವಳನ್ನು ನೋಡಿ ಸಂತೋಷ ಉಕ್ಕಿದಾಗಲೆಲ್ಲ ಅದರ ಹಿಂದೆಯೇ ಒಂದು ಹಳೆಯ ಸಿಟ್ಟು ಕೂಡ ಉಕ್ಕುತ್ತದೆ. ಈ ಹುಡುಗಿ ಹುಟ್ಟುವ ಮೊದಲೇ ಇಲ್ಲವಾಗಿಬಿಡುತ್ತಿದ್ದಳು. ಅದೂ ಯಾತಕ್ಕೆ? ಒಂದು ಹಳೇ ಕಾರಿನ ಷೋಕಿಗೆ.

ಆಗ ನನ್ನ ಮಗಳು ಗೌರಿ ಚೊಚ್ಚಲ ಹೆರಿಗೆಗೆ ಚಾಮರಾಜಪುರದ ನಮ್ಮ ಮನೆಗೆ ಬಂದಿದ್ದಳು. ಎಂಟು ತುಂಬಿತ್ತು. ಅಳಿಯಂದಿರು ಮಹದೇವು, ರೇಷ್ಮೆ ವ್ಯಾಪಾರದ ಮನೆತನದವರು, ಆ ವರ್ಷ ಒಂದು ಕಾರು ಕೊಂಡಿದ್ದರು. ಕೊಡಗಿನಲ್ಲಿ ಕಾಫಿ ತೋಟ ಇಟ್ಟಿದ್ದ ಒಬ್ಬ ಇಂಗ್ಲಿಷ್ ದೊರೆ ದೇಶ ಬಿಡುವಾಗ ಮಾರಿಹೋದದ್ದು. ಎರಡೇ ಸೀಟು, ಮೇಲೆ ಮಾಡು ಇಲ್ಲ, ಹಸಿರು ಬಣ್ಣ. ಸ್ಪೋರ್ಟ್ಸ್ ಕಾರು ಎಂದು ಹೇಳುವಾಗ ಅಳಿಯಂದಿರ ಮುಖ ಅರಳುತ್ತಿತ್ತು. ನಮ್ಮ ಯಜಮಾನರು ಇನ್ನೂ ಒಂದು ಕೈ ಮೇಲೆ. ಅಳಿಯನ ಕಾರು ಮನೆ ಮುಂದೆ ನಿಂತರೆ ಬಾಗಿಲು ಮುಚ್ಚಲೂ ಬಿಡುತ್ತಿರಲಿಲ್ಲ, ಬೀದಿಯವರಿಗೆ ಕಾಣಲಿ ಎಂದು.

ಆ ಕಾರಿಗೆ ಒಂದು ಕೆಟ್ಟ ಚಾಳಿ ಇತ್ತು. ನಿಧಾನಕ್ಕೆ ಹೋದರೆ ಸಾಧು. ಸ್ವಲ್ಪ ವೇಗ ಬಂತೋ, ನೆಟ್ಟಗಿನ ರಸ್ತೆಯಲ್ಲೂ ಕುಡಿದವನ ಹಾಗೆ ಓಲಾಡುತ್ತಿತ್ತು. ವೇಗ ಕೊಟ್ಟರೆ ಒಂದು ಕಡೆಗೆ ಎಳೆಯುತ್ತದೆ, ಕಾಲು ತೆಗೆದರೆ ಇನ್ನೊಂದು ಕಡೆಗೆ ಎಳೆಯುತ್ತದೆ ಎಂದು ಅಳಿಯಂದಿರೇ ಹೇಳುತ್ತಿದ್ದರು. ಲಷ್ಕರ್ ಮೊಹಲ್ಲಾದ ಮೆಕ್ಯಾನಿಕ್ ರಾಚಪ್ಪ ಅದನ್ನು ಎಷ್ಟು ಸಲ ಬಿಚ್ಚಿದನೋ. ಮೊದಲು ಮುಂದಿನ ಟೈರು ಎಂದ. ಆಮೇಲೆ ಸ್ಟಿಯರಿಂಗ್ ಸಡಿಲ ಎಂದ. ಮತ್ತೆ ಮುಂದಿನ ಚಕ್ರದ ಬೇರಿಂಗ್ ಎಂದ. ಪ್ರತಿ ಸಲವೂ "ಈಗ ಸರಿಹೋಯ್ತು ಬುಡಿ ಸ್ವಾಮಿ" ಎನ್ನುವುದು, ಪ್ರತಿ ಸಲವೂ ಅಳಿಯಂದಿರು ಬೆವರು ಒರೆಸಿಕೊಂಡು ವಾಪಸು ಬರುವುದು. ಓಲಾಡುವುದನ್ನು ತಡೆಯಲು ಮೂವರು ಗಂಡಸರೂ ಸ್ಟಿಯರಿಂಗ್ ಚಕ್ರದ ಸುತ್ತಲೇ ತಲೆ ಇಟ್ಟುಕೊಂಡು ಕೂತಿದ್ದರು.

ಆಯುಧಪೂಜೆ ಬಂತು. ಸಂಜೆ ಅಳಿಯಂದಿರು ಕಾರು ತೊಳೆಸಿ, ಚೆಂಡುಹೂವಿನ ಹಾರ ಹಾಕಿಸಿಕೊಂಡು, ರಾಚಪ್ಪನನ್ನೂ ಕೂರಿಸಿಕೊಂಡು ಬಂದರು. ನಮ್ಮ ಮನೆ ಮುಂದೆಯೇ ಪೂಜೆ ಮಾಡುವುದು, ಆಮೇಲೆ ಗೌರಿಯನ್ನು ಕೂರಿಸಿಕೊಂಡು ದಸರಾ ದೀಪ ತೋರಿಸಿ, ಬೆಟ್ಟದ ಕಡೆ ಒಂದು ಸುತ್ತು ಹೋಗಿ ಬರುವುದು ಎಂದು ಅವರ ಯೋಚನೆ. ಗೌರಿಯೂ ಬೆಳಗಿನಿಂದ ಹೂ ಮುಡಿದು ಕಾಯುತ್ತಿದ್ದಳು. ಬೇಡ ಎಂದರೆ ನನ್ನ ಮೇಲೇ ಮುನಿಸು.

ರಾಚಪ್ಪ ಕುಂಕುಮ ಹಚ್ಚಿ, ಕುಂಬಳಕಾಯಿ ಒಡೆದು, ನಾಲ್ಕು ಚಕ್ರಕ್ಕೂ ಒಂದೊಂದು ನಿಂಬೆಹಣ್ಣು ಇಟ್ಟ. ಅಳಿಯಂದಿರು ಕಾರನ್ನು ಮುಂದೆ ಬಿಟ್ಟರು. ಮೂರು ಹಣ್ಣು ಪಚಕ್ಕನೆ ಒಡೆದವು. ಎಡಗಡೆ ಹಿಂದಿನ ಚಕ್ರದ್ದು ಒಡೆಯಲಿಲ್ಲ. ಕಾರು ದಾಟಿದ ಮೇಲೆ ಇಟ್ಟ ಜಾಗದಲ್ಲೇ ದುಂಡಗೆ ಕೂತಿತ್ತು. ನಾನು ಪಕ್ಕದಲ್ಲೇ ಆರತಿ ತಟ್ಟೆ ಹಿಡಿದು ನಿಂತಿದ್ದೆ. ಚಕ್ರ ಅದರ ಮೇಲೆ ಹತ್ತಿ ಇಳಿದದ್ದನ್ನು ಈ ಎರಡು ಕಣ್ಣಿಂದ ನೋಡಿದೆ.

"ಜಾರಿರ್ಬೇಕು ಕಣ್ರೀ" ಎಂದು ರಾಚಪ್ಪ ಕಾರನ್ನು ಹಿಂದಕ್ಕೆ ತಳ್ಳಿಸಿ ಅದೇ ಹಣ್ಣನ್ನು ಮತ್ತೆ ಇಟ್ಟ. ಕಾರು ಮತ್ತೆ ದಾಟಿತು. ಹಣ್ಣು ಹಾಗೇ ಇತ್ತು.

ಯಜಮಾನರು ನಕ್ಕರು. "ಕಲ್ಲು ನಿಂಬೆಹಣ್ಣು ತಂದಿದ್ದೀಯ ಕಣೇ!"

ಸಂತೆಯಲ್ಲಿ ಆರಿಸಿ ತಂದವಳು ನಾನು. ನನಗೆ ರೇಗಿತು. ಅಡುಗೆ ಸೀದರೆ ಪಾತ್ರೆಯದು ತಪ್ಪೋ ಒಲೆಯದು ತಪ್ಪೋ ಎಂದು ಪಾತ್ರೆ ಬದಲಿಸಿ ನೋಡುವುದಿಲ್ಲವೇ, ಹಾಗೆ ಒಳಗಿಂದ ಇನ್ನೊಂದು ಹಣ್ಣು ತಂದು ಆ ಚಕ್ರಕ್ಕೆ ಇಟ್ಟೆ. ಒಡೆಯದ ಹಣ್ಣನ್ನು ಮುಂದಿನ ಚಕ್ರಕ್ಕೆ ಇಟ್ಟೆ. ಕಾರು ಮತ್ತೆ ದಾಟಿತು. ಮುಂದಿನದು ಅಪ್ಪಚ್ಚಿಯಾಯಿತು. ಹಿಂದಿನದು, ಹೊಸ ಹಣ್ಣು, ಹಾಗೇ ಉಳಿಯಿತು. ಅಡಿಯಲ್ಲಿ ಗುಂಡಿ ಇದೆಯೇನೋ ಎಂದು ಕೈಯಾಡಿಸಿದೆ. ಸಪಾಟು ಚಪ್ಪಡಿ.

ನಗು ನಿಂತಿತು. ಆ ಚಕ್ರ ಇದ್ದದ್ದು ನನ್ನ ಮಗಳು ಕೂರಬೇಕಾದ ಸೀಟಿನ ಹಿಂದುಗಡೆಯೇ.

ಅಪಶಕುನ ಎಂದು ನನಗೆ ಅನ್ನಿಸಲಿಲ್ಲ, ಸತ್ಯವಾಗಿ ಹೇಳುತ್ತೇನೆ. ನನಗೆ ಅನ್ನಿಸಿದ್ದು ಇಷ್ಟೇ: ಈ ಚಕ್ರ ಉಳಿದ ಮೂರರ ಹಾಗಿಲ್ಲ. "ಅಲ್ಲಪ್ಪಾ ರಾಚಪ್ಪ, ಒದೆಯೋ ಹಸು ಹಿಂದಿನ ಕಾಲಲ್ಲಿ ಒದೀತದೆ. ನೀವೆಲ್ಲ ಕೊಂಬು ಹಿಡ್ಕೊಂಡು ಕೂತಿದ್ದೀರಲ್ಲ! ಹಿಂದ್ಗಡೆ ಒಂದ್ಸಲ ಬಿಚ್ಚಿ ನೋಡು" ಎಂದೆ.

ಅವನು ಕೈ ಹಿಸುಕಿಕೊಂಡ. "ಇವತ್ತು ಸ್ಪ್ಯಾನರ್ ಮುಟ್ಟಂಗಿಲ್ಲ ಕಣಮ್ಮ. ಸಾಮಾನೆಲ್ಲ ಪೂಜೆಗಿಟ್ಟಿವ್ನಿ. ನಾಳೆ ವಿಜಯದಶಮಿ, ಪೂಜೆ ಎತ್ತಿದ ತಕ್ಷಣ ನೋಡ್ತೀನಿ."

"ಕಾರೂ ಆಯುಧಾನೇ ತಾನೇ? ಸ್ಪ್ಯಾನರ್ ಮುಟ್ಟಬಾರದು, ಇದನ್ನ ಓಡಿಸಬಹುದೋ?"

ರಾಚಪ್ಪ ಅಳಿಯಂದಿರ ಕಡೆ ತಿರುಗಿದ.

"ಅತ್ತೆ, ನಿಮಗೆ ಕಾರಿನ ವಿಷಯ ಏನು ಗೊತ್ತಾಗುತ್ತೆ?" ಎಂದರು ಅಳಿಯಂದಿರು, ಮೆಲ್ಲಗೇ. "ನನಗೆ ಗೊತ್ತಿಲ್ಲ. ನಿಮಗೆ ಗೊತ್ತಾ, ಹೇಳಿ. ಹಾಗಾದರೆ ಅದು ಯಾಕೆ ಓಲಾಡುತ್ತೆ?" ಎಂದೆ. ಅವರ ಮುಖ ಕೆಂಪಾಯಿತು. ಗೌರಿ ಅಷ್ಟರಲ್ಲಿ ಕಾರಿನ ಬಾಗಿಲಿಗೆ ಕೈ ಹಾಕಿದ್ದಳು. ನಾನು ಅವಳ ರಟ್ಟೆ ಹಿಡಿದು ಒಳಗೆ ಎಳೆದುಕೊಂಡು ಬಂದು ಚಿಲಕ ಹಾಕಿದೆ. ಅತ್ತಳು. ಅಳಲಿ. ಬೀದಿಯೆಲ್ಲ ನೋಡುತ್ತಿತ್ತು. ನೋಡಲಿ.

ಹೊರಗೆ ಯಜಮಾನರ ದನಿ ಕೇಳಿತು. "ನಡೀರಿ ಅಳಿಯಂದಿರೇ, ನಾನು ಕೂರ್ತೀನಿ. ಇವಳ ನಿಂಬೆಹಣ್ಣಿಗೆ ಹೆದರ್ಕೊಂಡು ಕೂರೋಕಾಗುತ್ತಾ?" ಚಿಲಕ ತೆಗೆದು ಓಡಿ ಬರುವಷ್ಟರಲ್ಲಿ ಕಾರು ಬೀದಿ ತಿರುಗಿತ್ತು. ಹಾಕುವಾಗ ಸಲೀಸಾಗಿ ಬಿದ್ದ ಆ ಹಾಳು ಚಿಲಕ ತೆಗೆಯುವಾಗ ಕಚ್ಚಿಕೊಂಡಿತ್ತು.

ರಾತ್ರಿ ಊಟದ ಹೊತ್ತಿಗೆ ಇಬ್ಬರೂ ಜಟಕಾ ಗಾಡಿಯಲ್ಲಿ ವಾಪಸು ಬಂದರು. ಬೆಟ್ಟದ ತಪ್ಪಲಿನ ಒಂದು ತಿರುವಿನಲ್ಲಿ ಅಳಿಯಂದಿರು ಕಾಲು ತೆಗೆದಿದ್ದೇ ತಡ, ಕಾರು ಹಿಂದಿನಿಂದ ತಿರುಗಿ ಎಡಪಕ್ಕವನ್ನು ಬೇವಿನ ಮರಕ್ಕೆ ಕೊಟ್ಟಿತ್ತು. ಅಳಿಯಂದಿರಿಗೆ ತರಚು ಗಾಯ. ಯಜಮಾನರ ಎಡಗೈ ಮೂಳೆ ಮುರಿದಿತ್ತು, ಪಕ್ಕೆ ಊದಿತ್ತು. ಬಾಗಿಲು ಒಳಗೆ ನುಗ್ಗಿ ಅವರ ಮಡಿಲವರೆಗೂ ಬಂದಿತ್ತಂತೆ. ಮಡಿಲವರೆಗೆ! ಆ ಮಾತು ಕೇಳಿದಾಗ ಗೌರಿ ಎರಡು ಕೈಯಲ್ಲೂ ಹೊಟ್ಟೆ ಹಿಡಿದುಕೊಂಡಳು. ನಾನು ಅಳಲಿಲ್ಲ. ಬಾಯಿಗೆ ಬಂದದ್ದೆಲ್ಲ ಬೈದೆ, ಅಳಿಯ ಎನ್ನುವುದನ್ನೂ ನೋಡದೆ.

ಬೆಳಗ್ಗೆ ಎತ್ತು ಕಟ್ಟಿ ಕಾರನ್ನು ಲಷ್ಕರ್ ಮೊಹಲ್ಲಾಕ್ಕೆ ಎಳೆಸಿದರು. ನಾನೂ ಹೋದೆ. ರಾಚಪ್ಪ ಪೂಜೆಯಿಂದ ಸ್ಪ್ಯಾನರ್ ಎತ್ತಿ ಕಣ್ಣಿಗೊತ್ತಿಕೊಂಡು ಎಡಗಡೆ ಹಿಂದಿನ ಚಕ್ರದ ಹತ್ತಿರ ಬಿಚ್ಚಿದ. ಅಲ್ಲಿಯ ಪಟ್ಟಿ ಸ್ಪ್ರಿಂಗನ್ನು ಅಚ್ಚಿಗೆ ಕೂರಿಸುವ ಬೋಲ್ಟು ತುಂಡಾಗಿತ್ತು. ಮುರಿದ ಬಾಯಿಗೆ ತುಕ್ಕು ಹಿಡಿದಿತ್ತು, ಅಂದರೆ ಹಳೆಯ ಮುರಿತ. ನಿಂತಾಗ ಎಲ್ಲ ಸರಿ, ಓಡುವಾಗ ಅಚ್ಚು ಹಿಂದೆ ಮುಂದೆ ಜರುಗುತ್ತಿತ್ತು. ಓಲಾಟಕ್ಕೆ ಕಾರಣ ಸಿಕ್ಕಿತು. ಎಲ್ಲರೂ ತಾಯಿ ಚಾಮುಂಡಿ ನಿಂಬೆಹಣ್ಣಿನಲ್ಲಿ ತೋರಿಸಿಕೊಟ್ಟಳು ಎಂದು ಬೆಟ್ಟದ ಕಡೆ ತಿರುಗಿ ಕೈ ಮುಗಿದರು.

ನಾನು ಮುಗಿಯಲಿಲ್ಲ. "ಬೋಲ್ಟು ಮುರಿದರೆ ಹಣ್ಣು ಯಾಕೆ ಒಡೆಯಲ್ಲ, ಹೇಳು" ಎಂದು ರಾಚಪ್ಪನನ್ನು ಕೇಳಿದೆ. ಅವನು ಬೋಲ್ಟು ಹಾಕುವ ಮೊದಲೇ, ಮುರಿದದ್ದು ಮುರಿದ ಹಾಗೇ ಕಾರನ್ನು ನೆಲಕ್ಕಿಳಿಸಿ, ಅದೇ ಚಕ್ರಕ್ಕೆ ಒಂದು ನಿಂಬೆಹಣ್ಣು ಇಟ್ಟು ತಳ್ಳಿಸಿದ. ಪಚಕ್ಕನೆ ಒಡೆಯಿತು. ಇನ್ನೊಂದು ಇಟ್ಟ. ಅದೂ ಒಡೆಯಿತು. ರಾಚಪ್ಪ ಒಡೆದ ಹಣ್ಣನ್ನು ಎತ್ತಿ ತಿರುಗಿಸಿ ನೋಡಿದ. "ಭಾರ ಅಂದ್ರೆ ಭಾರಾನೇ ಅಲ್ವಾ ಅಮ್ಮಾವ್ರೇ. ನೆನ್ನೆ ಅದು ಎಲ್ಲೋಗಿತ್ತು?" ಎಂದ.

ಮನೆಗೆ ಬಂದಾಗ ನಾನು ಎರಡನೆಯದಾಗಿ ಇಟ್ಟಿದ್ದ ಆ ಹಣ್ಣು ಚಪ್ಪಡಿಯ ಮೇಲೇ ಇತ್ತು. ಅದನ್ನು ಮೂರು ದಾರಿ ಕೂಡುವಲ್ಲಿ ಎಸೆಯಬೇಕು, ಮನೆಯೊಳಗೆ ತರಬಾರದು ಎಂದರು ಅಕ್ಕಪಕ್ಕದವರು. ನಾನು ತಂದೆ. ಈಳಿಗೆಮಣೆಯ ಮುಂದೆ ಕೂತು ಕೊಯ್ದೆ. ತೆಳ್ಳನೆಯ ಸಿಪ್ಪೆ, ತುಂಬ ರಸ, ಬೀಜ. ಉಪ್ಪು ಹಾಕಿ ನೀರು ಬೆರೆಸಿ ನಾನೊಬ್ಬಳೇ ಕುಡಿದೆ. ಹುಳಿಯಾಗಿತ್ತು, ಬೇರೇನೂ ಇಲ್ಲ.

ದೀಪಾವಳಿಯ ಹೊತ್ತಿಗೆ ಕಲಾ ಹುಟ್ಟಿದಳು. ಯಜಮಾನರು ಮುರಿದ ಕೈಗೆ ಪಟ್ಟಿ ಕಟ್ಟಿಕೊಂಡೇ ಇನ್ನೊಂದು ಕೈಯಲ್ಲಿ ಎತ್ತಿಕೊಂಡರು. ಆ ಎಡಗೈ ಆಮೇಲೆ ನೆಟ್ಟಗಾಗಲೇ ಇಲ್ಲ. ನನ್ನ ಸಿಟ್ಟು ಈಗ ಅಳಿಯಂದಿರ ಮೇಲಿಲ್ಲ, ರಾಚಪ್ಪನ ಮೇಲೂ ಇಲ್ಲ. ಅವತ್ತು ಆ ಹಣ್ಣನ್ನು ಒಡೆಯಗೊಡದೆ ಹಿಡಿದದ್ದು ಯಾವುದೋ, ಅದರ ಮೇಲೆ. ನಂಬುವವರು ಅಷ್ಟು ಜನ ನಿಂತಿದ್ದಾಗ ನಂಬದ ನನಗೇ ಯಾಕೆ ತೋರಿಸಬೇಕಿತ್ತು? ನನ್ನ ಮಗಳನ್ನು ಉಳಿಸಿದ್ದಕ್ಕೆ ನನ್ನ ಗಂಡನ ಕೈ ಯಾಕೆ ಬೇಕಿತ್ತು?

ಕಳೆದ ಆಯುಧಪೂಜೆಗೆ ಕಲಾಳ ಸೈಕಲ್ಲಿಗೆ ಹೂ ಹಾಕಿದೆವು. ಎರಡು ಚಕ್ರಕ್ಕೆ ಎರಡು ನಿಂಬೆಹಣ್ಣು ಇಟ್ಟವಳು ನಾನೇ. ಮುಂದಿನದು ಒಡೆಯಿತು. ಹಿಂದಿನ ಚಕ್ರ ಹಣ್ಣಿನ ಮೇಲೆ ಹತ್ತಿದಾಗ ನಾನು ಬಗ್ಗಿ ಅದನ್ನೇ ನೋಡುತ್ತಿದ್ದೆ. ಅದೂ ಒಡೆದು ನನ್ನ ಕಾಲಿಗೆ ರಸ ಚಿಮ್ಮಿತು. "ಏನಜ್ಜಿ, ನೀನು ಇದನ್ನೆಲ್ಲ ನಂಬಲ್ಲ ಅಂತೀಯ, ಕಣ್ಣು ಮಾತ್ರ ಚಕ್ರದ ಮೇಲೇ!" ಎಂದು ಅವಳು ನಕ್ಕಳು.

"ನಂಬಲ್ಲ ಕಣೇ. ಹೋಗು, ನಿಧಾನವಾಗಿ ಹೋಗು" ಎಂದೆ. ಅವಳು ಬೀದಿ ತಿರುಗುವವರೆಗೂ ಬಾಗಿಲಲ್ಲೇ ನಿಂತಿದ್ದೆ.