ಡಬ್ಬಿಯಲ್ಲಿ ಉಳಿದ ಹಳೇ ತೂಕ

ಬೆಳಕು ಹರಿಯುವ ಹೊತ್ತು. ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಹೊದಿಕೆ ಒಗೆಯುವ ಯಂತ್ರಗಳ ಪಕ್ಕದ ಕೋಣೆಯಲ್ಲಿ, ಆಸ್ಪತ್ರೆಗೆ ಪ್ರೋಗ್ರಾಂ ಬರೆದುಕೊಡುವ ಎಣಿಕೆ ಅಕ್ಕ ಕಂಪ್ಯೂಟರ್ ಮುಂದೆ ಕೂತು ಹಲ್ಲು ಕಡಿಯುತ್ತಿದ್ದಾರೆ. ಗೋಡೆ ನಡುಗುತ್ತದೆ, ಫ್ಲಾಸ್ಕಿನ ಮುಚ್ಚಳ ಕಟಕಟ ಎನ್ನುತ್ತದೆ. ‘ಯಾವ ಪುಣ್ಯಾತ್ಮನಪ್ಪ ಇದನ್ನ ಅಳಿಸಿದ್ದು!’ ಎಂದು ಪರದೆಗೇ ಬೈಯುತ್ತಾರೆ.

ಅಳಿಸಿದ್ದು ಒಂದೇ ಒಂದು ಸಾಲು. ನರ್ಸ್ ರೋಗಿಯ ಹೆಸರು, ತೂಕ ಟೈಪ್ ಮಾಡಿದರೆ ಔಷಧದ ಪ್ರಮಾಣ ಲೆಕ್ಕ ಹಾಕುವ ಪ್ರೋಗ್ರಾಂ ಇದು. ‘ಸಿ’ ಎಂಬ ಕಂಪ್ಯೂಟರ್ ಭಾಷೆಯದು. ಎಲ್ಲ ಲಿಪಿಗಳೂ ಹಿಡಿಸಲೆಂದು ‘ಅಗಲ ಅಕ್ಷರ’ (ವೈಡ್ ಕ್ಯಾರೆಕ್ಟರ್) ಎಂಬ ಬಗೆಯ ಅಕ್ಷರಗಳನ್ನು ಓದುತ್ತದೆ. ಓದುವ ಕೆಲಸ ‘ಎಸ್‌ಡಬ್ಲ್ಯೂಸ್ಕ್ಯಾನ್‌ಎಫ್’ ಎಂಬ ಫಂಕ್ಷನ್ನಿನದು. ಅಕ್ಕ ವಿವರಿಸುವುದು ಹೀಗೆ: ‘ಬಂದಿದ್ದನ್ನ ತುಂಡು ಮಾಡಿ ಡಬ್ಬಿಗೆ ತುಂಬತ್ತೆ. ಹೆಸರು ಒಂದಕ್ಕೆ, ತೂಕ ಇನ್ನೊಂದಕ್ಕೆ. ಕೊನೆಗೆ ಎಷ್ಟು ಡಬ್ಬಿ ತುಂಬಿದೆ ಅಂತಾನೂ ಹೇಳತ್ತೆ, ಪಾಪ. ಕೇಳಿಸ್ಕೊಳ್ಳೋರು ಬೇಕಲ್ಲ!’

ಕೇಳಿಸಿಕೊಳ್ಳದಿದ್ದರೆ? ತುಂಬದ ಡಬ್ಬಿಯಲ್ಲಿ ಹಿಂದಿನ ರೋಗಿಯ ತೂಕವೇ ಕೂತಿರುತ್ತದೆ. ಅದಕ್ಕೇ ಅಕ್ಕ ಎಣಿಕೆ ನೋಡುವ ಸಾಲು ಬರೆದಿದ್ದರು: ಎರಡೂ ತುಂಬದಿದ್ದರೆ ಕೆಂಪು ಸೂಚನೆ, ಲೆಕ್ಕ ಬಂದ್. ಸಿಕ್ಕ ಸಿಕ್ಕವರನ್ನೆಲ್ಲ ‘ಎಣಿಸಿದ್ಯಾ?’ ಎಂದು ಕೇಳಿ ಕೇಳಿಯೇ ಅವರಿಗೆ ಈ ಹೆಸರು ಅಂಟಿದ್ದು.

‘ಕೆಂಪು ಬಂದ್ರೆ ಕ್ಯೂ ನಿಂತ್ಬಿಡತ್ತೆ, ಜನ ಕೂಗಾಡ್ತಾರೆ’ ಎಂದು ಆಡಳಿತಾಧಿಕಾರಿ ಹೊರಗಿನವರನ್ನು ಕರೆಸಿ ಅದನ್ನು ತೆಗೆಸಿದ. ಹೌದು, ಏಕವಚನವೇ. ಅಕ್ಕನಿಗೆ ಒಂದು ಮಾತೂ ಹೇಳಲಿಲ್ಲ. ಹೋದ ವಾರ ತುರ್ತು ವಾರ್ಡಿನ ನರ್ಸ್ ಗಡಿಬಿಡಿಯಲ್ಲಿ ಒಂದು ಕೂಸಿನ ತೂಕವನ್ನು ತನ್ನ ಭಾಷೆಯ ಅಂಕಿಯಲ್ಲೇ ಟೈಪ್ ಮಾಡಿದಳು. ಆ ಫಂಕ್ಷನ್ನಿಗೆ ಹೆಸರು ಯಾವ ಲಿಪಿಯಲ್ಲಿದ್ದರೂ ಆದೀತು, ಅಂಕಿ ಮಾತ್ರ ಇಂಗ್ಲಿಷಿನದು ಬಿಟ್ಟರೆ ಬೇರೆ ತಿಳಿಯದು. ಡಬ್ಬಿಯಲ್ಲಿ ಉಳಿದದ್ದು ಮುಂಚೆ ಬಂದಿದ್ದ ದಢೂತಿ ಗಂಡಸಿನ ತೂಕ. ಸಿರಿಂಜ್ ತುಂಬುತ್ತಾ ಹೋದಂತೆ ಕೂಸಿಗೆ ಇಷ್ಟೊಂದೇ ಎಂದು ನರ್ಸ್‌ಗೇ ಅನುಮಾನ ಬಂತು. ಚುಚ್ಚಲಿಲ್ಲ. ಕೂಸು ಉಳಿಯಿತು.

ತನಿಖೆಯ ವರದಿ ಏನು ಹೇಳಿತು ಗೊತ್ತೇ? ‘ನರ್ಸ್ ತಪ್ಪಾಗಿ ಟೈಪ್ ಮಾಡಿದ್ದಾರೆ.’ ಕೂಸನ್ನು ಉಳಿಸಿದವಳೇ ಈಗ ಕೆಲಸದಿಂದ ಹೊರಗೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ನಿನ್ನೆ ಅವಳು ಫೋನ್ ಮಾಡಿದ್ದಳು. ‘ಅಕ್ಕಾ, ಅಮ್ಮಂಗೆ ಇನ್ನೂ ಹೇಳಿಲ್ಲ. ದಿನಾ ಬುತ್ತಿ ಕಟ್ಕೊಡ್ತಾಳೆ. ಪಾರ್ಕಲ್ಲಿ ಕೂತು ತಿಂದು ಸಂಜೆ ಮನೆಗೆ ಹೋಗ್ತೀನಿ’ ಎಂದಳಂತೆ. ಅದನ್ನು ಹೇಳುವಾಗ ಅಕ್ಕ ಸಿಟ್ಟಿಗೆ ಕೀಲಿಮಣೆ ಕುಟ್ಟುತ್ತಾರೆ.

ಕಚೇರಿ ತೆರೆಯುವ ಹೊತ್ತಿಗೆ ಅಧಿಕಾರಿ ಕೆಳಗಿಳಿದು ಬರುತ್ತಾನೆ. ಅಕ್ಕ ಮೊದಲು ದೊಡ್ಡವರ ತೂಕ ಹಾಕುತ್ತಾರೆ, ಆಮೇಲೆ ಕೂಸಿನದು, ನರ್ಸ್ ಟೈಪ್ ಮಾಡಿದ ಹಾಗೆಯೇ. ಪರದೆಯ ಮೇಲೆ ಕೂಸಿನ ಹೆಸರಿನ ಮುಂದೆ ದೊಡ್ಡವರ ಔಷಧದ ಪ್ರಮಾಣ. ಅವನ ಮುಖ ಹುಳ್ಳಗಾಗುತ್ತದೆ.

‘ಆಯ್ತಮ್ಮಾ, ಆ ಸಾಲು ವಾಪಸ್ ಹಾಕಿ. ವರದಿ ಮಾತ್ರ ಕೆದಕ್ಬೇಡಿ, ಮುಗಿದ್ಹೋಗಿದೆ. ಬೇಕಾದ್ರೆ ತಪ್ಪು ಹುಡುಕಿದ್ದು ನೀವೇ ಅಂತ ಪ್ರಶಂಸಾಪತ್ರ ಕೊಡಿಸ್ತೀನಿ.’

ಅಕ್ಕ ಆಗಲೇ ಸಾಲು ಬರೆಯತೊಡಗಿದ್ದಾರೆ. ತಲೆ ಎತ್ತುವುದಿಲ್ಲ.

‘ಪತ್ರ ನೀವೇ ಇಟ್ಕೊಳ್ಳಿ ಸಾರ್. ನನ್ನ ಹೆಸರು ಎಲ್ಲೂ ಬೇಡ. ಅವಳ ಹೆಸರು ಆ ವರದಿಯಿಂದ ತೆಗೀರಿ.’