ಒಂದು ಸಲಕ್ಕೆ ಒಂದೇ

ಮಾವಶಿಯ ಎಡಗಿವಿ ಬಲಗಿವಿಗಿಂತ ಚಪ್ಪಟೆಯಾಗಿ ತಲೆಗೆ ಅಂಟಿಕೊಂಡಿತ್ತು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಅರ್ಧ ಆಯುಷ್ಯ ಹೆಡ್‌ಫೋನ್ ಬಿಗಿದುಕೊಂಡು ಕೂತವರ ಕಿವಿ ಅದು. ಯಾರಾದರೂ ಸುಳ್ಳು ಹೇಳುತ್ತಿದ್ದಾರೆ ಅನ್ನಿಸಿದರೆ ಆ ಕಿವಿಯನ್ನೇ ಅವರ ಕಡೆ ತಿರುಗಿಸುತ್ತಿದ್ದರು. ತರಕಾರಿಯವನೂ ಆಗ ಮಾತು ನುಂಗಿಕೊಳ್ಳುತ್ತಿದ್ದ.

ನಾಗಪುರದ ಲಕ್ಷ್ಮೀ ನಗರದಲ್ಲಿ ನಮ್ಮ ಬಾಡಿಗೆ ಮನೆಯ ಕೆಳಗಿನ ಮನೆ ಅವರದು. ಹುಬ್ಬಳ್ಳಿ ಕಡೆಯವರು, ಮದುವೆಯಾಗಿ ಬಂದು, ಇಲ್ಲೇ ನೌಕರಿ ಮಾಡಿ ನಿವೃತ್ತರಾದವರು. ಇಡೀ ಗಲ್ಲಿಗೆ ಮಾವಶಿ, ಅಂದರೆ ಮರಾಠಿಯಲ್ಲಿ ಚಿಕ್ಕಮ್ಮ, ಹಾಗಾಗಿ ನನಗೂ ಮಾವಶಿ. ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು. ಚಹಾಕ್ಕೆ ಸಕ್ಕರೆ ಕಡಿಮೆ ಇರಲಿ ಎಂದವರಿಗೆ, "ಹಂಗಾದ್ರ ಬಿಸಿನೀರ ಕುಡೀರಿ" ಎನ್ನುತ್ತಿದ್ದರು. ನನ್ನ ಮೈಸೂರು ಕನ್ನಡಕ್ಕೆ ಉಪ್ಪು ಕಡಿಮೆ ಎಂದು ಅವರ ತಕರಾರು. ಆದರೂ ಆ ಊರಿನಲ್ಲಿ ನಾನು ಮನಸ್ಸು ಬಿಚ್ಚಿ ಕನ್ನಡ ಮಾತಾಡಿದ್ದು ಅವರೊಬ್ಬರ ಹತ್ತಿರವೇ.

ಗಂಡನಿಗೆ ವರ್ಗವಾಯಿತೆಂದು ಕೆಲಸ ಬಿಟ್ಟು ಬಂದವಳು ನಾನು. ಬಹಳ ಹುಡುಕಿದ ಮೇಲೆ, ಮನೆಯಿಂದಲೇ ಕಟ್ಟಡಗಳ ವಿನ್ಯಾಸಚಿತ್ರ ಮಾಡಿಕೊಡುವ ಕೆಲಸವೊಂದು ಸಿಕ್ಕಿತು. ಸೋಮವಾರ ಶುರು ಮಾಡದಿದ್ದರೆ ಬೇರೆಯವರಿಗೆ ಕೊಡುತ್ತೇವೆ ಎಂದು ಮೊದಲೇ ಹೇಳಿಬಿಟ್ಟಿದ್ದರು. ಅದಕ್ಕೆ ಬೇಕಾದ ಬಲವಾದ ಕಂಪ್ಯೂಟರಿಗಾಗಿ ಅಂಗಡಿಯೊಂದರಿಂದ ಬಿಡಿಭಾಗಗಳನ್ನು ತಂದು ನಾನೇ ಜೋಡಿಸಿದೆ. ಚಾಲೂ ಆಯಿತು. ಆಪರೇಟಿಂಗ್ ಸಿಸ್ಟಂ ಹಾಕಲು ಹೋದರೆ ಮಾತ್ರ ಅರ್ಧ ದಾರಿಯಲ್ಲಿ ನೀಲಿ ಪರದೆ. ಮತ್ತೆ ಹಾಕಿದರೆ ಇನ್ನೆಲ್ಲೋ ಕುಸಿತ, ಬೇರೆಯದೇ ಸಂದೇಶ. ಪೆನ್ ಡ್ರೈವ್ ಬದಲಿಸಿದೆ, ಅದರ ಜೊತೆಗೇ ಡಿಸ್ಕಿನ ಕೇಬಲನ್ನೂ ಬದಲಿಸಿದೆ, ಸೆಟ್ಟಿಂಗುಗಳನ್ನೂ ತಿರುಚಿದೆ. ಯಾವುದಕ್ಕೂ ಜಗ್ಗಲಿಲ್ಲ.

ಶುಕ್ರವಾರ ಅಂಗಡಿಯವನಿಗೆ ಫೋನ್ ಮಾಡಿದೆ. ಕೈಯಲ್ಲಿ ಸ್ಕ್ರೂಡ್ರೈವರ್ ಇದ್ದದ್ದರಿಂದ ಸ್ಪೀಕರಿನಲ್ಲಿಟ್ಟಿದ್ದೆ. ಕೊತ್ತಂಬರಿ ಕೇಳಲು ಬಂದ ಮಾವಶಿ ಬಾಗಿಲಲ್ಲೇ ನಿಂತಿದ್ದರು.

"ಮ್ಯಾಡಮ್, ಪಾರ್ಟ್ಸ್ ಸಬ್ ಬರೋಬರ್ ಹೈ," ಎಂದ ಆತ. "ಜೋಡ್ನೇ ಮೇಂ ಆಪ್ ಸೇ ಹೀ ಗಡಬಡ್ ಹುಯೀ ಹೋಗೀ. ಸಾಹಬ್ ಕೋ ಭೇಜ್ ದೀಜಿಯೇ, ಉನ್‌ಕೋ ಸಮಝಾ ದೂಂಗಾ."

ಜೋಡಿಸುವಾಗ ನಾನೇ ಎಡವಟ್ಟು ಮಾಡಿರಬೇಕಂತೆ. ಸಾಹೇಬರನ್ನು ಕಳಿಸಬೇಕಂತೆ, ಅವರಿಗೆ ತಿಳಿಸಿ ಹೇಳುತ್ತಾನಂತೆ. ನಮ್ಮ ಸಾಹೇಬರಿಗೆ ಪ್ರಿಂಟರಿಗೆ ಕಾಗದ ತುಂಬಲೂ ಬರುವುದಿಲ್ಲ. ಒಂದೊಂದು ಭಾಗವನ್ನೂ ಓದಿ, ಕೇಳಿ, ಆರಿಸಿದವಳು ನಾನು. ಮಾರುವಾಗ ಬೇಡವಾಗಿದ್ದ ಸಾಹೇಬರು ಕೆಟ್ಟಾಗ ಏಕೆ ಬೇಕು? ಇವತ್ತಿಗೂ ಆ ಮಾತು ನೆನೆದರೆ ಮೈ ಉರಿಯುತ್ತದೆ.

ಮಾವಶಿ ಕೊತ್ತಂಬರಿ ಮರೆತು ಒಳಗೆ ಬಂದು ಕೂತರು. ಏನೇನು ಬದಲಿಸಿದೆ ಎಂದು ಕೇಳಿದರು. ಹೇಳಿದೆ.

"ಎಲ್ಲಾ ಕೂಡೇ ಬದಲಿ ಮಾಡಿದ್ರೇನ? ಭಾಳ ಶಾಣ್ಯಾರಿದ್ದೀರಿ," ಎಂದರು. "ನಿಮ್ಮ ಕಂಪ್ಯೂಟರ್ ನನಗ ತಿಳ್ಯಂಗಿಲ್ಲ. ಆದ್ರ ಫಾಲ್ಟ್ ಹುಡುಕೂದು ತಿಳೀತೈತಿ. ಒಂದ್ ಸರ್ತಿಗೆ ಒಂದ. ಮೊದ್ಲ ಎಲ್ಲಾ ಇದ್ಹಂಗ ಇಡ್ರಿ."

ಇಟ್ಟೆ. ಪ್ರತಿಸಲವೂ ಬೇರೆ ಬೇರೆ ಕಡೆ ಬೀಳುತ್ತದೆ ಎಂದಾಗ ಸ್ವಲ್ಪ ಯೋಚಿಸಿ, "ಎಲ್ಲಾ ಕೆಲಸಕ್ಕೂ ಬೇಕಾಗೂದು ಇದರಾಗ ಯಾವುದೈತಿ?" ಎಂದು ಕೇಳಿದರು. ಮೆಮೊರಿ ಎಂದೆ. ಅದರಲ್ಲಿ ಎರಡು ಪಟ್ಟಿಗಳಿದ್ದವು. ಒಂದನ್ನು ತೆಗೆದು, ಇನ್ನೊಂದನ್ನಷ್ಟೇ ಇಟ್ಟು ಸಿಸ್ಟಂ ಹಾಕಿ ನೋಡಿದೆವು. ನೀಲಿ ಪರದೆ ಬಂತು. ಅದನ್ನು ಕಿತ್ತು ಅದೇ ಜಾಗದಲ್ಲಿ ಮೊದಲು ತೆಗೆದದ್ದನ್ನು ಕೂರಿಸಿದೆ. ಈ ಸಲ ಎಲ್ಲೂ ನಿಲ್ಲದೆ ಕೊನೆಯವರೆಗೂ ಹೋಗಿ, ನನ್ನ ಹೆಸರು ಕೇಳಿತು. ನಾನು ಮಾವಶಿಯನ್ನು ತಬ್ಬಿಕೊಂಡೆ.

ಅವರು ಬಿಡಿಸಿಕೊಂಡು, "ಈಗ ಕೆಟ್ಟದ್ದನ್ನ ಮತ್ತ ಹಾಕ್ರಿ," ಎಂದರು.

ಸರಿಯಾಗಿರುವುದನ್ನು ಏಕೆ ಕೆಡಿಸಬೇಕು, ಹಾಕಿದ ಸಿಸ್ಟಂ ಕೂಡ ಹಾಳಾದೀತು ಎಂದು ನಾನು ವಾದಿಸಿದೆ.

"ಹಾಳಾಗ್ಲಿ, ಮತ್ತ ಹಾಕೋಣು. ಇಲ್ಲಂದ್ರ ತಾನ ಸರಿಯಾತು ಅಂತಾರ. ತಪ್ಪು ನಿಮ್ಮ ಕೊಳ್ಳಾಗ ಉಳೀತೈತಿ."

ದನಿ ಎಂದಿನ ಗದರಿಕೆಯದಾಗಿರಲಿಲ್ಲ. ಹಾಕಿದೆ. ಮತ್ತೆ ಬಿತ್ತು. ಆಮೇಲೆ ಚಹಾ ಕುಡಿಯುತ್ತ ಹೇಳಿದರು. ಅವರು ಹೊಸದಾಗಿ ಕೆಲಸಕ್ಕೆ ಸೇರಿದ್ದಾಗ ದೊಡ್ಡ ಅಧಿಕಾರಿಯೊಬ್ಬರ ಟ್ರಂಕ್ ಕಾಲ್ ಮಾತಿನ ನಡುವೆ ಕತ್ತರಿಸಿಹೋಯಿತಂತೆ. ವಿಚಾರಣೆಗೆ ಮೊದಲೇ ಮೆಕ್ಯಾನಿಕ್ ಬಂದು ಇವರ ಬೋರ್ಡಿನಲ್ಲಿ ಕರೆ ಜೋಡಿಸುವ ತಂತಿಯಾದ ಕಾರ್ಡನ್ನೂ ಅದರ ಪಿನ್ನು ಕೂರುವ ಜ್ಯಾಕನ್ನೂ ಒಟ್ಟಿಗೆ ಬದಲಿಸಿಬಿಟ್ಟ. ಆಮೇಲೆ ತೊಂದರೆ ಬರಲಿಲ್ಲ. ಕೆಟ್ಟಿದ್ದು ಕಾರ್ಡೋ ಜ್ಯಾಕೋ, ಅಥವಾ ಎರಡೂ ಚೆನ್ನಾಗಿದ್ದವೋ, ಯಾರಿಗೂ ಹೇಳಲಾಗಲಿಲ್ಲ. ಹೇಳಲಾಗದಿದ್ದರೆ ಸುಮ್ಮನಿರಬೇಕಿತ್ತು. ಹುಡುಗಿ ತೂಕಡಿಸಿ ಪಿನ್ನು ಎಳೆದಳು ಎಂದು ತೀರ್ಮಾನಿಸಿದರು. ಜೊತೆಯವರಿಗೆ ಬಡ್ತಿ ಬಂತು, ಇವರಿಗೆ ಬರಲಿಲ್ಲ.

"ಕಾರ್ಡ್ ಒಂದ ಬದಲಿ ಮಾಡಿ ನೋಡಿದ್ರ ನಾ ಪಾರಾಗ್ತಿದ್ದೆ," ಎಂದರು. "ಅಥವಾ ಸಿಕ್ಕೊಳ್ತಿದ್ದೆ. ಅದಾದ್ರೂ ಗೊತ್ತಾಗ್ತಿತ್ತು."

ಮಾರನೆಯ ದಿನ ಅಂಗಡಿಗೆ ಹೊರಟಾಗ ನನ್ನ ಗಂಡ ಪಾಪ ಚಪ್ಪಲಿ ಮೆಟ್ಟಿದ್ದರು. "ನೀವ್ ಬರಬ್ಯಾಡ್ರಿ, ಅಂವ ಅದನ್ನ ಕಾಯಾಕತ್ತಾನ," ಎಂದು ಮಾವಶಿ ಅವರನ್ನು ಮನೆಯಲ್ಲೇ ಕೂರಿಸಿ ನನ್ನ ಜೊತೆ ಆಟೋ ಹತ್ತಿದರು.

ಅಂಗಡಿಯಲ್ಲಿ ಗಿರಾಕಿಗಳಿದ್ದರು. ಮಾವಶಿ ಕೆಟ್ಟ ಮೆಮೊರಿ ಪಟ್ಟಿಯನ್ನು ಗಾಜಿನ ಮೇಲಿಟ್ಟು, ಅದನ್ನು ಅವನದೇ ಯಂತ್ರಕ್ಕೆ ಹಾಕಿ ತೋರಿಸಲು ಹೇಳಿದರು. ಅವನು ಗೊಣಗುತ್ತ ಹಾಕಿದ. ಎಲ್ಲರ ಮುಂದೆ ಪರದೆ ನೀಲಿಯಾಯಿತು. "ಹೋ ಜಾತಾ ಹೈ, ಮಾವಶಿ," ಇದೆಲ್ಲ ಆಗುತ್ತಿರುತ್ತದೆ ಎಂದು ಹಲ್ಲು ಕಿರಿದು ಹೊಸದೊಂದನ್ನು ನನ್ನ ಮುಂದೆ ಚಾಚಿದ. ನಾನು ಕೈ ನೀಡಿದೆ. ಮಾವಶಿ ಆ ಕೈಯನ್ನು ಕೆಳಗೆ ತಗ್ಗಿಸಿದರು.

"ಪೆಹಲೇ ಬೋಲೋ, ಇಸ್‌ಕೀ ಗಲ್ತೀ ನಹೀಂ ಥೀ."

ಇವಳದು ತಪ್ಪಿರಲಿಲ್ಲ ಎಂದು ಮೊದಲು ಹೇಳು. ಇಷ್ಟಕ್ಕೆಲ್ಲ ಏಕೆ ಎಂದು ಅವನು ನಕ್ಕ. ಇವರು ನಗಲಿಲ್ಲ, ಜಾಗವನ್ನೂ ಬಿಡಲಿಲ್ಲ. ಹಿಂದಿದ್ದ ಗಿರಾಕಿಗಳು ಜಲ್ದಿ ಮಾಡು ಎಂದು ಅವನನ್ನೇ ಒತ್ತಾಯಿಸತೊಡಗಿದ ಮೇಲೆ, ಕೊನೆಗೂ ಹೇಳಿದ. ನನಗೆ ಬೇಕಾಗಿದ್ದದ್ದು ಆ ಪಟ್ಟಿಗಿಂತ ಆ ಮಾತೇ ಎಂದು ನನಗೇ ಗೊತ್ತಿರಲಿಲ್ಲ. ಸೋಮವಾರ ಕೆಲಸ ಶುರು ಮಾಡಿದೆ. ಈಗಲೂ ಅದೇ ಕೆಲಸ ಮಾಡುತ್ತಿದ್ದೇನೆ.

ಹೋದ ಬೇಸಿಗೆಯಲ್ಲಿ ಮಾವಶಿ ಹೃದಯಾಘಾತದಿಂದ ತೀರಿಕೊಂಡರು. ಹದಿಮೂರನೆಯ ದಿನದ ಊಟಕ್ಕೆ ಬಡಿಸಲು ನಾನೂ ನಿಂತಿದ್ದೆ. ಎಕ್ಸ್‌ಚೇಂಜಿನ ಹಳೆಯ ಸಹೋದ್ಯೋಗಿಗಳ ಪಂಕ್ತಿಯಲ್ಲಿ, ಹಿಂದೆ ಮಾವಶಿಯ ಮೇಲಧಿಕಾರಿಯಾಗಿದ್ದ ಮುದುಕರೊಬ್ಬರು ಪ್ರೀತಿಯಿಂದಲೇ ಎಂಬಂತೆ ಮಾತು ತೆಗೆದರು.

"ಬಾಯಿ ಗುಸ್ಸೇವಾಲೀ ಥೀ. ಏಕ್ ಬಾರ್ ತೋ ನೀಂದ್ ಮೇಂ ಬಡೇ ಸಾಹಬ್ ಕಾ ಕಾಲ್ ಹೀ ಕಾಟ್ ದಿಯಾ."

ಮಹಾ ಕೋಪಿಷ್ಠೆಯಂತೆ, ಒಮ್ಮೆ ನಿದ್ದೆಗಣ್ಣಲ್ಲಿ ದೊಡ್ಡ ಸಾಹೇಬರ ಕರೆಯನ್ನೇ ಕತ್ತರಿಸಿದ್ದಳಂತೆ. ಪಂಕ್ತಿ ನಕ್ಕಿತು. ಸತ್ತ ಮೇಲೂ ಬಿಡಲಿಲ್ಲವಲ್ಲ ಇವರು. ಪೂರಿಯ ತಟ್ಟೆ ಹಿಡಿದು ಅವರ ಮುಂದೆ ನಿಂತೆ. ಮಾವಶಿ ಕತ್ತರಿಸಲಿಲ್ಲ ಎಂದೆ.

"ಸಬೂತ್ ಕ್ಯಾ ಹೈ, ಬೇಟಾ?" ಎಂದು ನಗುತ್ತಲೇ ಕೇಳಿದರು.

ನನ್ನ ಹತ್ತಿರ ಪುರಾವೆ ಇಲ್ಲ, ನಿಮ್ಮ ಹತ್ತಿರವೂ ಇಲ್ಲ, ನಿಮ್ಮ ಮೆಕ್ಯಾನಿಕ್ ಕಾರ್ಡನ್ನೂ ಜ್ಯಾಕನ್ನೂ ಒಟ್ಟಿಗೆ ಬದಲಿಸಿದ ದಿನವೇ ಅದು ಹೋಯಿತು ಎಂದು ನನಗೆ ಬರುವ ಹಿಂದಿಯಲ್ಲಿ ಹೇಳಿದೆ. ಹಾಗಾಗಿ, ಕಾಟ್ ದಿಯಾ ಅನ್ನಬೇಡಿ, ಪತಾ ನಹೀಂ ಅನ್ನಿ, ಗೊತ್ತಿಲ್ಲ ಅನ್ನಿ.

ನಗು ನಿಂತಿತು. ಮುದುಕರು ಎಲೆಯ ಕಡೆ ನೋಡಿದರು, ಪಕ್ಕದವರ ಕಡೆ ನೋಡಿದರು. ಯಾರೋ ನನ್ನ ಸೆರಗು ಜಗ್ಗಿದರು. ನಾನು ಅಲ್ಲಾಡಲಿಲ್ಲ.

"ಪತಾ ನಹೀಂ," ಎಂದರು ಕೊನೆಗೆ.

ಆಮೇಲೆ ಅವರ ಎಲೆಗೆ ಪೂರಿ ಬಡಿಸಿದೆ.