ಚಂದ್ರನಿಂದ ಮರಳಿದ ಅಡುಗೆಯಾಕೆ

ಮಾಸ್ತರು ಎಡಚರು. ಬಲಗೈಯಿಂದ ರೊಟ್ಟಿ ಮುರಿಯುತ್ತಲೇ ಎಡಗೈಯಿಂದ ಕಾದಂಬರಿ ಬರೆಯುತ್ತಿದ್ದರು. ಎಣಗಾಯಿ ಪಲ್ಯದ ಕೆಂಪು ಎಣ್ಣೆ ಚಂದ್ರಲೋಕದ ಹಾಳೆಗಳ ಮೇಲೆಲ್ಲ ಹರಡಿರುತ್ತಿತ್ತು. ದಾಂಡೇಲಿಯಲ್ಲಿ ನಮ್ಮ ಅತ್ತೆ ನಡೆಸುತ್ತಿದ್ದ ಖಾನಾವಳಿಯಲ್ಲಿ ಅವರದು ಗೋಡೆ ಪಕ್ಕದ ಮಣೆ. ಶಾಲೆಯಲ್ಲಿ ಗಣಿತ ಹೇಳುವುದು ಹೊಟ್ಟೆಪಾಡು, ಜೀವವಿದ್ದದ್ದು ರಾಕೆಟ್ಟಿನ ಕಥೆಗಳಲ್ಲಿ. ಕನ್ನಡದಲ್ಲಿ ಆಗ ಅಂಥದ್ದನ್ನು ಬರೆಯುವವರೇ ಅಪರೂಪ. ಇದನ್ನೆಲ್ಲ ಯಾರು ಓದುತ್ತಾರೆ ಎಂದು ಹುಬ್ಬಳ್ಳಿಯ ಪ್ರಕಾಶಕರು ಎಷ್ಟೋ ಸಲ ಹಿಂದಕ್ಕೆ ಕಳಿಸಿದ್ದರು. ಮಾಸ್ತರು ಮತ್ತೆ ಬರೆಯುತ್ತಿದ್ದರು, ಮತ್ತೆ ಎಣ್ಣೆ ಚೆಲ್ಲುತ್ತಿದ್ದರು.

ಹೊಸ ಸೊಸೆಯಾದ ನನ್ನ ಅಕ್ಷರ ದುಂಡಗಿದೆ ಎಂದು ಆ ಹಾಳೆಗಳನ್ನು ನಕಲು ಮಾಡುವ ಕೆಲಸ ನನಗೆ ಬಂತು. ಇವತ್ತು ನಾನು ನಾಲ್ಕಕ್ಷರ ಬರೆಯುತ್ತೇನೆಂದರೆ ಅದು ಅವರ ಋಣವೇ. ರವಿವಾರ ಊಟವಾದ ಮೇಲೆ ಗಟ್ಟಿಯಾಗಿ ಓದಬೇಕು. ಕಾಗದದ ಮಿಲ್ಲಿನ ಕೆಲಸಗಾರರು ಕೈ ತೊಳೆಯುವುದನ್ನೂ ಮರೆತು ಕೇಳುತ್ತಿದ್ದರು. ಚಂದ್ರನ ಮೇಲೆ ಎಲ್ಲದರ ತೂಕ ಕಡಿಮೆ ಎಂದು ಓದಿದ ದಿನ ಅತ್ತೆ, ಹಾಗಾದರೆ ರೊಟ್ಟಿ ಬಡಿದರೆ ಜಂತಿಗೆ ಹಾರುತ್ತದಲ್ಲ ಎಂದರು. ಮಾಸ್ತರು ನೆತ್ತಿಗೇರುವಷ್ಟು ನಕ್ಕರು. ಮರುವಾರ ಅವರ ರಾಕೆಟ್ಟಿಗೆ ಒಬ್ಬ ಅಡುಗೆಯಾಕೆ ಸೇರಿದ್ದಳು. ಮಾತು, ಗದರಿಕೆ ಎಲ್ಲ ಅತ್ತೆಯದೇ! ಅತ್ತೆ ಏನೂ ಗೊತ್ತಿಲ್ಲದವರಂತೆ ಅವರಿಗೆ ತುಪ್ಪ ಜಾಸ್ತಿ ಬಡಿಸಿದರು.

ಎಡವಟ್ಟಾದದ್ದು ಕೊನೆಯ ಅಧ್ಯಾಯದಲ್ಲಿ. ಮರಳಿ ಹೊರಡುವಾಗ ಭಾರ ಹೆಚ್ಚಾಗಿ ರಾಕೆಟ್ಟು ಮೇಲೇಳುವುದಿಲ್ಲ. ಅಡುಗೆಯಾಕೆ ತಾನಾಗಿ ಇಳಿದು ಚಂದ್ರನಲ್ಲೇ ಉಳಿಯುತ್ತಾಳೆ. ಪ್ರಕಾಶಕರು ಈ ಸಲ ಒಪ್ಪಿದ್ದೇ ಆ ಕಣ್ಣೀರಿನ ಕೊನೆಯನ್ನು ಮೆಚ್ಚಿ. ನಾನು ಕೊನೆಯ ಸಾಲು ಓದಿ ಹಾಳೆ ಮಡಿಸಿದೆ. ಅತ್ತೆ ಸೌಟು ಕೆಳಗಿಟ್ಟರು.

“ಮಾಸ್ತರ, ರಾಕೆಟ್ಟಿನ್ಯಾಗ ಮತ್ತೇನೈತಿ?”

“ಚಂದ್ರನ ಕಲ್ಲು ಅದಾವ್ರಿ ಅಕ್ಕಾರ. ಪರೀಕ್ಷಾ ಮಾಡಾಕ.”

“ಕಲ್ಲು ಒಗೀರಿ. ಆಕೀನ್ನ ಕೂಡಿಸ್ಕೊಂಡು ಬರ್ರಿ. ಅಲ್ಲೀತನಕ ನಿಮಗ ಇಲ್ಲಿ ರೊಟ್ಟಿ ಇಲ್ಲ.”

ಪ್ರಕಾಶಕರು ಕೈಬಿಟ್ಟರೆ ಇಷ್ಟು ವರ್ಷದ ಕನಸು ನೀರಿಗೆ ಹೋದಂತೆ. ಮಾಸ್ತರು ಮುಖ ಸಣ್ಣದು ಮಾಡಿಕೊಂಡು ಎದ್ದು ಹೋದರು. ಕೆಲವು ದಿನ ಈ ಕಡೆ ತಲೆ ಹಾಕಲಿಲ್ಲ. ಬಂದಾಗ ಕೈಯಲ್ಲಿ ಹೊಸ ಹಾಳೆಗಳಿದ್ದವು, ಒಂದು ಹನಿ ಎಣ್ಣೆಯೂ ಇಲ್ಲದವು. ಕಲ್ಲುಗಳು ಚಂದ್ರನಲ್ಲೇ ಉಳಿದಿದ್ದವು. ಅಡುಗೆಯಾಕೆ ಭೂಮಿಗಿಳಿದು, ಕಾಲು ಚಾಚಿ ಕೂತು, ವಿಜ್ಞಾನಿಗಳ ಕೈಯಿಂದ ಚಹಾ ಮಾಡಿಸಿಕೊಂಡು ಕುಡಿದಿದ್ದಳು. ಪ್ರಕಾಶಕರು ಗೊಣಗುತ್ತಲೇ ಅಚ್ಚು ಹಾಕಿದರು. ಪುಸ್ತಕ ಹಳಿಯಾಳ, ಮುಂಡಗೋಡದವರೆಗೂ ಕೈಯಿಂದ ಕೈಗೆ ಹೋಯಿತು.

ಮನುಷ್ಯರು ನಿಜವಾಗಿ ಚಂದ್ರನ ಮೇಲೆ ಇಳಿದಾಗ ಮಾಸ್ತರು ಇರಲಿಲ್ಲ. ಹಿಂದಿನ ಚಳಿಗಾಲದಲ್ಲೇ ತೀರಿಕೊಂಡಿದ್ದರು. ಹೋದವರು ಅಲ್ಲಿಂದ ಕಲ್ಲು ತಂದಿದ್ದಾರೆ ಎಂದು ರೇಡಿಯೋ ಹೇಳಿತು. ರೊಟ್ಟಿ ಬಡಿಯುತ್ತಿದ್ದ ಅತ್ತೆಯ ಕೈ ನಿಂತಿತು. ಗೋಡೆ ಪಕ್ಕದ ಖಾಲಿ ಮಣೆಯ ಕಡೆ ತಿರುಗಿ, ಅವರು ಅಲ್ಲೇ ಕೂತಿದ್ದಾರೆ ಎನ್ನುವಂತೆ ಹೇಳಿದರು:

“ಕಲ್ಲು ತಂದಾರಂತ್ರಿ ಮಾಸ್ತರ. ಅಡಿಗಿಯಾಕೀನ್ನ ಅಲ್ಲೇ ಬಿಟ್ಟ ಬಂದಿರಬೇಕು.”